ಉಂಡಿಲ್ಲ ಎಂದ ಅವ್ವನಿಗೆ

ಅವ್ವಾ,

ಹೋದ ತಿಂಗಳು ನಾನು ಸುಳ್ಳು ಹೇಳಲೆಂದೇ ರೈಲು ಹತ್ತಿದೆ. ನಗಬೇಡ. ಅಣ್ಣನ ಮಗಳು ರಶ್ಮಿ ಈಗ ಮಿದುಳಿನ ವಿಷಯ ಓದುತ್ತಿದ್ದಾಳೆ. ಸುಳ್ಳು ಹೇಳುವಾಗ ತಲೆಯೊಳಗೆ ಏನಾಗುತ್ತದೆಂದು ಅವಳ ಕಾಲೇಜಿನವರು ಎಂಆರ್‌ಐ ಚಿತ್ರ ತೆಗೆದು ನೋಡುತ್ತಾರಂತೆ. "ಅತ್ತಿ, ನೀನೂ ಬಾ" ಅಂದಳು. ಹೋದೆ.

ಒಂದು ಇಸ್ಪೀಟು ಎಲೆ ತೋರಿಸಿ, ಪರದೆಯ ಮೇಲೆ ಅದು ಬಂದಾಗಲೆಲ್ಲ 'ಇದಲ್ಲ' ಎಂಬ ಗುಂಡಿ ಒತ್ತಲು ಹೇಳಿ, ಬಿಳಿ ಕೊಳವೆಯೊಳಗೆ ಮಲಗಿಸಿದರು. ಟಕಟಕ ಸದ್ದು. ಬರಬರುತ್ತ ಅದೂ ದೂರ ಸರಿದು, ನಿನ್ನ ತವರು ಹಲವಾಗಲಿನ ಹೊಳೆಯ ಮೇಲೆ ತೇಲುತ್ತಿರುವ ಹಾಗಾಯಿತು. ಸುಳ್ಳಿನ ಗುಂಡಿ ಒತ್ತುವ ಮುನ್ನ ಪ್ರತಿ ಸಲವೂ ಒಳಗೊಂದು ತಡವರಿಕೆ. ಆ ತಡವರಿಕೆಯಲ್ಲೇ ನೀನು ಕಂಡೆ. ಕೊಟ್ಟೂರಿನ ನಮ್ಮ ಮನೆಯ ಕಟ್ಟೆಯ ಮೇಲೆ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ...

ಆ ಮಧ್ಯಾಹ್ನ ನಿನಗೆ ನೆನಪಿತ್ತೇ? ನೀನು ರೊಟ್ಟಿ, ಪುಂಡಿಪಲ್ಲೆ ಉಂಡು ಕೈ ತೊಳೆದವಳೇ ಎದುರು ಮನೆಯ ಕೊಟ್ರಮ್ಮನಿಗೆ, "ಮಗಳು ಉಣ್ಣಾಕ ಕೊಟ್ಟಿಲ್ಲವ್ವ" ಅಂದೆ. ನಾನು ಓಣಿಗೆಲ್ಲ ಕೇಳುವ ಹಾಗೆ ಕಿರುಚಿದೆ, "ಯಾಕವ್ವಾ ಸುಳ್ಳು ಹೇಳ್ತಿ? ಈಗ ಉಂಡಿಯಲ್ಲ!" ಮಾಡದ ತಪ್ಪಿಗೆ ಬೈಸಿಕೊಂಡವಳ ಹಾಗೆ ನೀನು ನನ್ನನ್ನೇ ನೋಡಿದೆ. ಆಮೇಲೆ ಕಣ್ಣು ಮುಚ್ಚುವ ತನಕ ನೀನು ಹಸಿವೆ ಎಂದು ಬಾಯಿ ಬಿಡಲೇ ಇಲ್ಲ. ಹಸಿದಿದ್ದೆಯಾ ಅವ್ವಾ, ಎಷ್ಟು ಸಲ...

ಹೊರಗೆ ಬಂದು ರಶ್ಮಿಗೆ ಆ ಮಧ್ಯಾಹ್ನದ ಮಾತು ಹೇಳಿ ಕೇಳಿದೆ, "ನಿಮ್ಮಜ್ಜಿದೂ ಹಿಂಗ ಚಿತ್ರ ತೆಗೆದಿದ್ರ ಸುಳ್ಳು ಗೊತ್ತಾಗ್ತಿತ್ತನ?"

"ಒಬ್ಬರ ಚಿತ್ರ ನೋಡಿ ಸುಳ್ಳಂತ ಹೇಳಾಕ ಆಗಂಗಿಲ್ಲ ಅತ್ತಿ. ಸುಳ್ಳು ಹೇಳಾಕ ಮೊದಲು ಖರೇ ಗೊತ್ತಿರಬೇಕು. ಅದನ್ನ ತಡಿಯಾಕ ತಲಿ ಒದ್ದಾಡತೈತಿ. ಅಜ್ಜಿಗೆ ಮರೆವಿನ ಜಡ್ಡಿತ್ತು, ಉಂಡದ್ದ ನೆನಪಿರಲಿಲ್ಲ. ಅಕಿ ಸುಳ್ಳು ಹೇಳಲಿಲ್ಲ."



ಊರಿಗೆ ಬಂದವಳೇ ಕೊಟ್ರಮ್ಮನ ಮನೆಗೆ ಹೋದೆ. "ಅವತ್ತು ನಮ್ಮವ್ವ ಸುಳ್ಳು ಹೇಳಿರಲಿಲ್ಲ, ಉಂಡದ್ದ ಮರೆತಿದ್ಲು. ನಾನ ತಿಳೀದ ಬೈದೆ" ಅಂದೆ. ಅವಳು, "ನಮ್ಮ ಮನಿಯವರೂ ಈಗ ಹಂಗ ಅದಾರ ಸರೋಜಾ. ನಾನೂ ದಿನಾ ಬೈತೀನಿ" ಎಂದು ಕಣ್ಣೊರೆಸಿಕೊಂಡಳು.

ನಿನಗೆ ತಿಳಿಸಬೇಕೆಂದು ಕೂತದ್ದು ನಿನ್ನೆಯ ಸುದ್ದಿ. ಮಧ್ಯಾಹ್ನ ಕೊಟ್ರಮ್ಮನ ಮನೆಯ ಕಿಟಕಿಯಿಂದ ಅವಳ ಗಂಡನ ದನಿ ಕೇಳಿಸಿತು, "ನನಗ ಯಾರೂ ಉಣ್ಣಾಕ ಕೊಟ್ಟಿಲ್ಲ."

ಕೊಟ್ರಮ್ಮ ಬೈಯಲಿಲ್ಲ ಅವ್ವಾ. "ಹೌದನ್ರಿ? ಬರ್ರಿ, ನಿಮ್ಮ ಜೋಡಿ ನಾನೂ ಒಂದು ತುತ್ತು ಉಣ್ತೀನಿ" ಅಂದಳು.