ಸಾಹುಕಾರರ ಬಸ್ಸಿನ ಹೊಗೆಕೊಳವೆ

ಸಿರುಗುಪ್ಪ, 12-3-1946

ಕುರುಗೋಡಿನ ಕುಲುಮೆಯಲ್ಲಿರುವ ಅಪ್ಪನಿಗೆ ಮಗ ಮಾರೆಣ್ಣನ ನಮಸ್ಕಾರ.

ಬೇರೆಯವರು ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ನಾನು ಓಡಿಸುವ ಸಾಹುಕಾರರ ಬಸ್ಸಿಗೆ ಕಂಪನಿಯವರು ಕೂಡಿಸಿದ್ದ ಹೊಗೆಕೊಳವೆಯ ಸೈಲೆನ್ಸರನ್ನು ಸಾಹುಕಾರರನ್ನು ಕೇಳದೆ ಇಲ್ಲಿ ನಮ್ಮ ಮನೆ ಅಂಗಳದಲ್ಲೇ ಬಿಚ್ಚಿದೆ. ಅದು ತುಕ್ಕು ತಿಂದು ತೂತಾಗಿ, ಹೊಗೆಯೆಲ್ಲ ಒಳಗೆ ಕೂತವರ ಮೂಗಿಗೇ ಬರುತ್ತಿತ್ತು. ಹೊಸದು ಎಲ್ಲೂ ಸಿಗಲಿಲ್ಲ. ಬಳ್ಳಾರಿ ಕಂಟೋನ್ಮೆಂಟಿನ ಗುಜರಿಯಿಂದ ಮಿಲಿಟರಿ ಲಾರಿಯದೊಂದು ತಂದರೆ, ಅದರ ಬಾಯಿ ನಮ್ಮ ಇಂಜಿನ್ನಿನ ಕೊಳವೆಗೆ ಸಡಿಲ. ಇನ್ನು ನನ್ನ ಕೆಲಸ ಹೋದಂತೆಯೇ ಎಂದು ಎರಡು ದಿನ ಊಟ ಸೇರಲಿಲ್ಲ.

ಆಮೇಲೆ ನೀವು ಬಂಡಿ ಗಾಲಿಗೆ ಕಬ್ಬಿಣದ ಹಳಿ ಬಿಗಿಯುವುದು ನೆನಪಾಯಿತು. ಸಡಿಲ ಬಾಯನ್ನು ಇಂಜಿನ್ನಿನ ಕೊಳವೆಗೆ ಕೂಡಿಸಿ, ಒಂದು ಕಬ್ಬಿಣದ ಬಳೆಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದರ ಮೇಲೆ ತೊಡಿಸಿ ನೀರು ಸುರಿದೆ. ಚುಂಯ್ ಅಂತ ಕಚ್ಚಿಕೊಂಡಿತು. ನಿಮ್ಮ ಸೊಸೆ ಈರಮ್ಮ, "ಮಾವಾರ ಕೈನ ಬಂದೈತಿ ನೋಡ್ರಿ ನಿಮಗ" ಅಂದಳು. ಆದರೂ ಪ್ರತಿ ಊರಲ್ಲಿ ಇಳಿದು ಬಗ್ಗಿ ನೋಡುತ್ತೇನೆ. ಒಂದು ಕೂದಲೆಳೆಯಷ್ಟೂ ಅಲುಗಿಲ್ಲ.

ನಿನ್ನೆ ಸಾಹುಕಾರರು ಬಳ್ಳಾರಿವರೆಗೂ ಕೂತು ಬಂದರು. ಒಮ್ಮೆಯೂ ಕೆಮ್ಮಲಿಲ್ಲ. ಇಳಿದವರೇ ಬಗ್ಗಿ ಹೊಗೆಕೊಳವೆ ನೋಡಿ, "ಯಾವ ಶೆಡ್ಡಿನಾಗ ಕೂಡಿಸಿಕೊಂಡು ಬಂದಿಲೇ?" ಅಂದರು. ಹೆದರಿಕೆಗೆ ನಿಮ್ಮ ಹೆಸರನ್ನೇ ಹಿಡಿದು, "ಕುರುಗೋಡು ಎರ್ರೆಪ್ಪ ಮೇಸ್ತ್ರಿ ಕುಲುಮ್ಯಾಗ್ರಿ ಧಣಿ" ಅಂದುಬಿಟ್ಟೆ. ಈಗ ಇನ್ನೊಂದು ಬಸ್ಸನ್ನೂ ನಿಮ್ಮಲ್ಲಿಗೇ ಕಳಿಸುತ್ತಾರಂತೆ.

ಅದು ಸೋಮವಾರ ಬರುತ್ತದೆ. ಕುಲುಮೆ ಬಿಟ್ಟು ಮೋಟಾರಿಗೆ ಹೋದವನು ಹೊಸಿಲು ತುಳಿಯಬಾರದು ಎಂದಿದ್ದಿರಿ. ಆ ಒಂದು ದಿನ ತುಳಿಯುತ್ತೇನೆ. ಕುಳ್ಳು ಒಟ್ಟಿಡಿ, ತಿದಿ ನಾನು ಒತ್ತುತ್ತೇನೆ.

ನಿಮ್ಮ ಮಗ
ಮಾರೆಣ್ಣ