ಎಣಿಕೆ ಇಲ್ಲದ ಏಟು

ಜನವರಿ 7, ಮಂಗಳವಾರ

ಕಾಲೇಜಿನ ಮೈದಾನದಲ್ಲಿ ಇವತ್ತೂ ಯಾರದೋ ಹುರುಳಿ ಒಣಗುತ್ತಿತ್ತು. ಹಾಗಾಗಿ ಕಾರಿಡಾರಿನಲ್ಲೇ ಕರಾಟೆ ಕ್ಲಾಸು. ನಲವತ್ತು ಹುಡುಗಿಯರು, ಎರಡು ಸಾಲು. ಬಗ್ಗಿ ನಮಸ್ಕಾರ. ಒಂದು — ನಲವತ್ತು ಮುಷ್ಟಿ ಮುಂದಕ್ಕೆ. ಎರಡು — ಇನ್ನೊಂದು ಕೈ. ಗುದ್ದಿಸಿಕೊಂಡು ಗುದ್ದಿಸಿಕೊಂಡು ಹನೂರಿನ ಗಾಳಿಗೇ ಸುಸ್ತಾಗಿರಬೇಕು.

ಮೊದಲ ನಿಯಮ: ನಾನು ಎಣಿಸದೆ ಯಾರ ಕೈಯೂ ಏಳಬಾರದು. ಏಳನೇ ವಯಸ್ಸಿನಲ್ಲಿ ಯಳಂದೂರಿನ ರಂಗರಾಜು ಸರ್ ನನಗೆ ಹೇಳಿಕೊಟ್ಟದ್ದು. ಇಪ್ಪತ್ತೆರಡು ವರ್ಷವಾಯಿತು. ಅದೇ ಬೆನ್ನೆಲುಬು. ಇವತ್ತು ಸಿಂಧು — ಬಿ.ಕಾಂ. ಎರಡನೇ ವರ್ಷ, ಕಾಮಗೆರೆಯಿಂದ ಬರುವವಳು — ‘ಮೂರು’ ಅನ್ನುವ ಮುಂಚೆಯೇ ಗುದ್ದಿದಳು. ಎಲ್ಲರೆದುರು ಹತ್ತು ಬಸ್ಕಿ ಹೊಡೆಸಿದೆ.

ಬಸ್ಕಿ ಮುಗಿಸಿ ಏದುಸಿರು ಬಿಡುತ್ತಾ ಕೇಳಿದಳು. “ಮಿಸ್, ಹಿಂದ್ಗಡಿಂದ ಯಾರಾರ ಮೈ ಮುಟ್ಟುದ್ರ ಏನ್ ಮಾಡದು?”

ಪುಸ್ತಕದಲ್ಲಿ ಇರುವುದನ್ನೇ ಹೇಳಿದೆ. ಎರಡು ಹೆಜ್ಜೆ ಮುಂದೆ ಸರಿ, ತಿರುಗು, ನಿಲುವು ತಗೋ, ಎಡಗೈ ತಡೆ, ಬಲಗೈ ಏಟು.

“ಬಸ್ನಲ್ಲಿ ಎರಡೆಜ್ಜೆ ಎಲ್ಲಿಗ್ ಸರಿಯದು ಮಿಸ್?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೂರು ತಿಂಗಳ ಆತ್ಮರಕ್ಷಣೆ ತರಬೇತಿ. ಒಂದು ತಿಂಗಳು ಹೋಯಿತು. ಪ್ರಿನ್ಸಿಪಾಲ್ ಮಹದೇವಯ್ಯನವರಿಗೆ ಬೇಕಾದದ್ದು ಫೆಬ್ರವರಿ ಎಂಟರ ಡೆಮೋ, ಅದರ ಫೋಟೋ.

ಜನವರಿ 9, ಗುರುವಾರ. ಸಂಜೆ 6

ಬರೆಯಲಿಕ್ಕೇ ಹೇಸಿಗೆ. ಬರೆಯುತ್ತೇನೆ.

ಎಂಟು ಹತ್ತರ ಬಸ್ಸು. ಬೆಳಿಗ್ಗೆ ನಾನು ಹತ್ತುವ ಕೊಳ್ಳೇಗಾಲದಲ್ಲೇ ಸೀಟಿಲ್ಲ. ಕಾಮಗೆರೆಯಲ್ಲಿ ಇನ್ನೊಂದು ರಾಶಿ ಜನ ಹತ್ತಿದರು. ಸಿಂಧುವೂ ಹತ್ತಿದಳು. ನನ್ನ ಹಿಂದೆ ಒಬ್ಬ ಗಂಡಸು. ಐವತ್ತು ದಾಟಿದೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಎದೆಗೆ ಅವುಚಿಕೊಂಡ ಫೈಲು. ಆ ಫೈಲಿನ ಕೆಳಗಿನಿಂದ ಕೈ ಬಂತು. ನನ್ನ ಸೊಂಟಕ್ಕೆ. ಬಸ್ಸಿನ ಕುಲುಕಾಟ ಇರಬೇಕು ಅಂದುಕೊಂಡೆ. ರಸ್ತೆ ನೆಟ್ಟಗಿದ್ದಾಗಲೂ ಕೈ ಅಲ್ಲೇ ಇತ್ತು.

ನನಗೆ ಗೊತ್ತಿರುವುದು: ಹಿಂದಿನಿಂದ ಹಿಡಿದವನಿಂದ ಬಿಡಿಸಿಕೊಳ್ಳುವ ಹನ್ನೊಂದು ವಿಧಾನ. ಹೆಸರು ಸಮೇತ. ಪರೀಕ್ಷೆಯಲ್ಲಿ ಹನ್ನೊಂದಕ್ಕೂ ಪೂರ್ತಿ ಅಂಕ. ನಾನು ಮಾಡಿದ್ದು: ಬ್ಯಾಗನ್ನು ಪಕ್ಕಕ್ಕೆ ಎಳೆದುಕೊಂಡೆ. ಅಷ್ಟೇ. ಬ್ಲ್ಯಾಕ್ ಬೆಲ್ಟ್, ಎರಡನೇ ಡಾನ್ ದರ್ಜೆ, ಎರಡು ಸಲ ರಾಜ್ಯಮಟ್ಟದ ಪದಕ... ಇಷ್ಟಿದ್ದವಳು ಬ್ಯಾಗ್ ಎಳೆದುಕೊಂಡಳು. ಇಪ್ಪತ್ತು ನಿಮಿಷ ಹಾಗೇ ನಿಂತಿದ್ದೆ.

ಹನೂರಿನಲ್ಲಿ ಇಳಿಯುವಾಗ ಆತ “ಸಾರಿ ಮೇಡಂ, ರಶ್ಶು” ಅಂದ. ನಾನು “ಪರವಾಗಿಲ್ಲ” ಅಂದೆ.

ಪರವಾಗಿಲ್ಲ ಅಂದೆ. ಥೂ.

ತಲೆ ಎತ್ತಿದರೆ ಸಿಂಧು ನೋಡುತ್ತಿದ್ದಾಳೆ. ಎಲ್ಲಾ ನೋಡಿದ್ದಾಳೆ. ಅರ್ಧ ಗಂಟೆಯಾದ ಮೇಲೆ ಅದೇ ಸಿಂಧುವನ್ನು ಸಾಲಿನಲ್ಲಿ ನಿಲ್ಲಿಸಿ ‘ಒಂದು’ ಅಂದೆ. ಗಂಟಲು ಆಗ ಮಾತ್ರ ಚೆನ್ನಾಗಿಯೇ ಕೆಲಸ ಮಾಡಿತು.

ಜನವರಿ 10

ಎರಡು ಸಲ ಸ್ನಾನ ಮಾಡಿದೆ. “ಯಾಕವ್ವ, ಜ್ವರ ಬಂದಂಗದಾ?” ಅಂದಳು ಅವ್ವ. ಹೂಂ ಅಂದೆ. ಚಪಾತಿ ಲಟ್ಟಿಸುತ್ತಾ ಮೊಣಕೈಯನ್ನು ಹಿಂದಕ್ಕೆ ಬೀಸಿ ನೋಡಿದೆ. ಎಷ್ಟು ಸಲೀಸು. ಅಡುಗೆಮನೆಯಲ್ಲಿ ನಾನು ಭಾರೀ ಶೂರಳು.

ಜನವರಿ 12, ಭಾನುವಾರ

ಯಳಂದೂರಿಗೆ ಹೋಗಿದ್ದೆ, ಸರ್ ಹತ್ತಿರ. ಯಾರಿಗೋ ಆದದ್ದು ಅನ್ನುವ ಹಾಗೆ ಹೇಳಿದೆ. ಸರ್ ಕಣ್ಣು ಮುಚ್ಚಿಕೊಂಡು ಕೇಳಿದರು.

“ಕರಾಟೆ ಬಸ್ಸಿಗಲ್ಲ ಕಣಮ್ಮ. ಮನಸ್ಸಿಗೆ. ಕೈ ಎತ್ತದಂಗೆ ಗೆಲ್ಲದು ದೊಡ್ಡ ವಿದ್ಯೆ.”

“ಅವಳು ಗೆಲ್ಲಲಿಲ್ಲ ಸರ್. ಸುಮ್ಮನೆ ನಿಂತಿದ್ದಳು.”

“ಅಭ್ಯಾಸ ಸಾಲದು ಅವಳ್ಗೆ.”

ಇಪ್ಪತ್ತೆರಡು ವರ್ಷ! ಬಾಯಿ ತುದಿಗೆ ಬಂತು, ನುಂಗಿಕೊಂಡೆ. ಬೇರೆ ಕೇಳಿದೆ. “ಸರ್, ನೀವು ಯಾವತ್ತಾದರೂ ನಿಜವಾಗಿ ಯಾರಿಗಾದರೂ ಹೊಡೆದಿದ್ದೀರಾ?”

ಸರ್ ಶೋಕೇಸ್ ಕಡೆ ನೋಡಿದರು. ಗೆದ್ದ ಕಪ್ಪುಗಳ ಮೇಲೆ ಧೂಳು. “ಅಂತಾ ಪ್ರಸಂಗ ಬಂದಿಲ್ಲ” ಅಂದರು. ಆಮೇಲೆ ಡೆಮೋದಲ್ಲಿ ಒಡೆಯಲು ಹಂಚು ಯಾವ ಥರ ಇಡಬೇಕು ಅಂತ ತೋರಿಸಿದರು. ಒಂದರ ಮೇಲೊಂದು ಒತ್ತಿ ಇಡಬಾರದು, ನಡುವೆ ಪೆನ್ಸಿಲ್ ಇಡಬೇಕು, ಮುಟ್ಟಿದರೆ ಸಾಕು ಪಟಪಟ ಒಡೆಯುತ್ತದೆ. ಈ ಗುಟ್ಟನ್ನು ಹೇಳುವಾಗ ಅವರ ಮುಖದಲ್ಲಿ ಅದೆಷ್ಟು ಸಂತೋಷ. ಈ ಮನುಷ್ಯನ ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದೆ. ಮಾಡದಿರಲು ಧೈರ್ಯ ಬರಲಿಲ್ಲ.

ಜನವರಿ 18, ಶನಿವಾರ

ಹಬ್ಬ ಕಳೆದು ಗುರುವಾರ ಕ್ಲಾಸಿತ್ತು, ಸಿಂಧು ಬರಲಿಲ್ಲ. ಇವತ್ತು ಬಂದಳು. ಎಲ್ಲರೂ ಹೋದ ಮೇಲೆ ಮೆಟ್ಟಿಲ ಮೇಲೆ ಬಂದು ಕೂತಳು.

“ನಿಮ್ಗೂ ಅವ್ನೇನಾ ಮಿಸ್?”

‘ಗೂ’ ಅಂದಳು. ನಿಮ್ಗೂ. ಜೂನ್‌ನಿಂದ ಅವಳಿಗೆ ಹೀಗೆ ನಡೆದಿದೆ. ವಾರಕ್ಕೆ ಎರಡು ಸಲ, ಮೂರು ಸಲ. ಹೆಸರು ಸದಾಶಿವಪ್ಪ, ಯಾವುದೋ ಸಂಘದ ಕಾರ್ಯದರ್ಶಿ, ಕಂಡಕ್ಟರ್ ಎದ್ದು ಸೀಟು ಕೊಡುತ್ತಾನೆ. ಸೀಟು ಬೇಡ ಅಂದು ನಿಂತೇ ಬರುತ್ತಾನೆ, ದೊಡ್ಡ ಮನುಷ್ಯ.

“ಮನೇಲಿ ಹೇಳಲಿಲ್ವಾ?”

“ಅಪ್ಪಂಗ್ ಗೊತ್ತಾದ್ರ ಬಸ್ ಅತ್ತದು ನಿಲ್ಸ್ತದ. ಬಸ್ ನಿಂತ್ರ ಕಾಲೇಜ್ ನಿಂತಂಗೆ. ಆಗ್ಲೇ ಗಂಡು ನೋಡ್ಬೇಕು ಅಂತಾವ್ರೆ. ನಂಗೆ ಇನ್ನೊಂದೊರ್ಸ ಅದ ಮಿಸ್, ಡಿಗ್ರಿ ಕೈಗ್ ಬತ್ತದೆ.” ಮತ್ತೆ ಹೇಳಿದಳು. “ಒಂದಿನ ಮೊಣಕೈ ಎತ್ತಿದ್ದೆ. ಎತ್ತಿ ಅಂಗೇ ನಿಂತ್ಕಂಡೆ. ಯಾರೂ ಎಣಿಸ್ನಿಲ್ವಲ್ಲ.”

ತಮಾಷೆಗೆ ಹೇಳಿದಳು ಅಂದುಕೊಂಡು ಮುಖ ನೋಡಿದೆ. ತಮಾಷೆ ಅಲ್ಲ. ಎಣಿಕೆಗೆ ಮುಂಚೆ ಗುದ್ದಿದವಳಿಗೆ ಬಸ್ಕಿ ಹೊಡೆಸಿದವಳು ನಾನು. ಕಾಯುವುದನ್ನು ಕಲಿಸಿದ್ದೇನೆ ಇವರಿಗೆ. ಆತ್ಮರಕ್ಷಣೆ ಅಂತ ಹೆಸರಿಟ್ಟುಕೊಂಡು, ನಲವತ್ತು ಜನಕ್ಕೆ, ಶಿಸ್ತಾಗಿ.

ಜನವರಿ 21, ಮಂಗಳವಾರ

ಪುಟ್ಟಸಿದ್ದಯ್ಯ ಅಂತ ಪ್ರೈವೇಟ್ ಬಸ್ಸಿನ ಡ್ರೈವರು. ಅವರ ಬಸ್ಸು ಒಂಬತ್ತೂವರೆಯಿಂದ ಹತ್ತೂವರೆಯ ತನಕ ಹನೂರು ಸ್ಟ್ಯಾಂಡಿನ ಹಿಂದೆ ಸುಮ್ಮನೆ ನಿಂತಿರುತ್ತದೆ. ಕೇಳಿದೆ. “ಬಸ್ಸಲ್ಲಿ ಕರಾಟೆ ಕ್ಲಾಸಾ?” ಅಂತ ಒಂದು ನಿಮಿಷ ನೋಡಿದರು. “ನನ್ಗೂ ಎರಡು ಎಣ್ಮಕ್ಳವೆ, ಬಸ್ಗೆ ಅತ್ತುಸ್ಕಳಿ” ಅಂದು ಟೀ ಕುಡಿಯಲು ಹೋದರು.

ನಲವತ್ತು ಜನವನ್ನೂ ನಡುದಾರಿಯಲ್ಲಿ ತುಂಬಿದೆ. ನಮಸ್ಕಾರ ಇಲ್ಲ, ಸಾಲಿಲ್ಲ, ನಿಲುವಿಲ್ಲ. ಎಣಿಕೆ ಇಲ್ಲ. ನಾನೇ ಆ ಗಂಡಸಾದೆ. ಫೈಲು ಹಿಡಿದು ಒಬ್ಬೊಬ್ಬಳ ಹಿಂದೆ ಹೋಗಿ ನಿಂತೆ. ಒಬ್ಬಳೂ ಅಲುಗಲಿಲ್ಲ. ಎಲ್ಲರೂ ತಿರುಗಿ ನನ್ನ ಬಾಯಿ ನೋಡುತ್ತಾರೆ — ಯಾವಾಗ ‘ಒಂದು’ ಅಂತಾಳೆ ಅಂತ. ಅರ್ಧ ಗಂಟೆ ಇದೇ ಆಯಿತು.

ಕೂಗಿ ಅಂದೆ. ಕೂಗು ಬರುವುದಿಲ್ಲ. ಬಂದರೆ ಏನು ಬರುತ್ತದೆ? “ಅಣ್ಣಾ, ಒಸಿ ಕೈ ತಗೀರಿ.” ಅಣ್ಣ! ಮೈ ಮುಟ್ಟುವವನನ್ನೂ ಅಣ್ಣ ಅನ್ನುತ್ತವೆ ಈ ಮಕ್ಕಳು. ನಾನು ಪರವಾಗಿಲ್ಲ ಅಂದವಳು, ಯಾರನ್ನು ಬೈಯಲಿ?

ದಾರಿ ತೋರಿಸಿದವಳು ಮಾರ್ಟಳ್ಳಿಯ ಭವ್ಯ. ಮನೆಯಲ್ಲಿ ಒಂದು ಮಾತು ಕನ್ನಡ, ಒಂದು ಮಾತು ತಮಿಳು. ನಾನು ಹಿಂದೆ ನಿಂತದ್ದೇ, “ಕೈಯ ಎಡುಡಾ!” ಅಂತ ಅರಚಿದಳು. ಕೈ ತೆಗಿಯೋ ಅಂತ. ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಅಣ್ಣ, ಸಾ ಅಂತ ದಿನಾ ದನಿ ತಗ್ಗಿಸುವ ಬಾಯಿಗೆ ಆ ಮಾತು ಸಲೀಸಾಗಿ ಬಂತು. ಹಿಮ್ಮಡಿಯಿಂದ ಪಾದ ತುಳಿ, ಮೊಣಕೈ ಹಿಂದಕ್ಕೆ ಬೀಸು, ಗಂಟಲೆತ್ತಿ ಕೂಗು. ಮೂರೇ. ಹನ್ನೊಂದು ವಿಧಾನ ಗಂಗೆ ಪಾಲಾಗಲಿ.

ಜನವರಿ 28

ಪ್ರಿನ್ಸಿಪಾಲ್ ಕರೆಸಿದರು. ಹೆಣ್ಣುಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ಕಿರುಚಾಡುವುದು ಕಾಲೇಜಿಗೆ ಶೋಭೆಯಲ್ಲವಂತೆ. “ಬಿಳೀ ಡ್ರೆಸ್ಸು, ಸಾಲು, ಹಂಚು ಒಡೆಯೋದು — ಅದು ಚೆನ್ನಾಗಿತ್ತು ಮೇಡಂ.” ಆಯಿತು ಸರ್ ಅಂದೆ. ಗುರುವಾರ ಮತ್ತೆ ಬಸ್ಸಿಗೇ ಕರೆದುಕೊಂಡು ಹೋಗುತ್ತೇನೆ.

ಫೆಬ್ರವರಿ 4, ಮಂಗಳವಾರ

ಆಯಿತು.

ಅದೇ ಎಂಟು ಹತ್ತರ ಬಸ್ಸು. ಕಾಮಗೆರೆ ದಾಟಿತ್ತು. ಸಿಂಧು ಮುಂದೆ, ನಾನು ಹಿಂದೆ, ನಡುವೆ ನಾಲ್ಕು ಜನ. ಆತ ಸಿಂಧುವಿನ ಹಿಂದೆ, ಫೈಲು ಹಿಡಿದು. ಫೈಲು ಕೆಳಗಿಳಿದದ್ದು ಕಂಡಿತು. ಕೈ ಕಂಡಿತು. ಸಿಂಧು ಕತ್ತು ತಿರುಗಿಸಿ ನನ್ನನ್ನೇ ನೋಡಿದಳು. ನನ್ನ ಬಾಯಿಯನ್ನು. ನಾನು ಕೂಗಬೇಕು ಅಂದುಕೊಂಡೆ. ಅಂದುಕೊಂಡೆ, ಅಂದುಕೊಂಡೆ. ದನಿ ಹೊರಡಲಿಲ್ಲ. ಎರಡನೇ ಸಲ.

ಅವಳು ನನ್ನ ಬಾಯಿ ನೋಡುವುದನ್ನು ಬಿಟ್ಟಳು. ಪಾದ ತುಳಿದಳು. ಮೊಣಕೈ ಹಿಂದಕ್ಕೆ ಹೋಯಿತು, ಪೂರ್ತಿ, ಪಕ್ಕೆಗೆ. “ಕೈಯ ಎಡುಡಾ!” ಫೈಲು ಬಿತ್ತು. ಕಾಗದವೆಲ್ಲಾ ಜನರ ಕಾಲಿನ ಕೆಳಗೆ.

ಒಂದು ಕ್ಷಣ ನನ್ನ ಎದೆ ಉಬ್ಬಿತು. ಒಂದೇ ಕ್ಷಣ.

ಆಮೇಲೆ ಬಸ್ಸೇ ಅವಳ ಮೇಲೆ ಬಿತ್ತು. “ಅಪ್ಪನ ವಯಸ್ನೋರ್ ಮ್ಯಾಲೆ ಕೈ ಮಾಡೀಯೇನಮ್ಮಿ?” “ರಶ್ಶಲ್ಲಿ ತಗಲ್ತದ ಕಣ್ರಿ, ಆಟೋದಲ್ಲಿ ಬರ್ಬೇಕಿತ್ತು.” ಅಂದವರಲ್ಲಿ ಹೆಂಗಸರೇ ಹೆಚ್ಚು. ಆತ ಪಕ್ಕೆ ಹಿಡಿದುಕೊಂಡು ಕಾಗದ ಆರಿಸುತ್ತಿದ್ದ. ಕಂಡಕ್ಟರು ನನ್ನ ಕಡೆ ತಿರುಗಿದ. “ಮೇಡಂ, ನೀವೇ ಅಲ್ವಾ ಕರಾಟೆ ಮೇಡಂ? ನೀವ್ ಯೇಳಿ. ಏನ್ ಕಂಡ್ರಿ?”

“ನನಗೆ ಇಲ್ಲಿಂದ ಸರಿಯಾಗಿ ಕಾಣಿಸಲಿಲ್ಲ” ಅಂದೆ.

ಇದನ್ನು ಬರೆದ ಕೈಯನ್ನು ನೋಡಿದರೂ ಅಸಹ್ಯವಾಗುತ್ತಿದೆ.

ಫೆಬ್ರವರಿ 5

ಸದಾಶಿವಪ್ಪ ಪ್ರಿನ್ಸಿಪಾಲರಿಗೆ ಬೇಕಾದವರಂತೆ. ಶುಕ್ರವಾರ ಹತ್ತು ಗಂಟೆಗೆ ಸಿಂಧುವಿನ ಅಪ್ಪನನ್ನು ಕರೆಸಿದ್ದಾರೆ. ನಾನು ಒಂದು ಪತ್ರ ಬರೆದುಕೊಡಬೇಕು: ಬಸ್ಸು ಕುಲುಕಿದಾಗ ವಿದ್ಯಾರ್ಥಿನಿ ತಪ್ಪು ತಿಳಿದು, ತರಬೇತಿಯನ್ನು ದುರುಪಯೋಗ ಮಾಡಿಕೊಂಡು... ಬರೆದುಕೊಟ್ಟರೆ ಡೆಮೋ ನಡೆಯುತ್ತದೆ. “ನಿಮ್ಮ ಒಳ್ಳೆಯದಕ್ಕೇ ಹೇಳ್ತಿರೋದು ಮೇಡಂ.”

ಬರೆಯಲು ಕೂತೆ. ನಾಲ್ಕು ಸಾಲು ಚೆನ್ನಾಗಿಯೇ ಬಂತು. ಕನ್ನಡ ನನಗೆ ಯಾವಾಗಲೂ ಚೆನ್ನಾಗಿ ಬರುತ್ತದೆ, ಇಂಥದ್ದಕ್ಕೆ. ಹರಿದು ಒಲೆಗೆ ಹಾಕಿದೆ. ಅದರಿಂದೇನೂ ದೊಡ್ಡವಳಾಗಲಿಲ್ಲ.

ಫೆಬ್ರವರಿ 6, ಗುರುವಾರ

ಸಿಂಧು ಫೋನ್ ಮಾಡಿದ್ದಳು. ಕ್ಷಮಿಸು ಅನ್ನಲು ಹೋದೆ.

“ಅದ ಬುಡಿ ಮಿಸ್. ನೀವು ಕಾಣ್ನಿಲ್ಲ ಅಂದ್ರಿ, ಓಗ್ಲಿ. ಕಂಡದ್ ಬ್ಯಾಡ. ನಿಮ್ಗೇ ಆದದ್ ಯೇಳಿ.”

ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡೆ.

“ನಾನೊಬ್ಳೇ ಯೇಳುದ್ರ ನಮ್ಮಪ್ಪ ನನ್ನೇ ನಂಬಲ್ಲ. ಒಬ್ರು ಟೀಚರ್‌ಗೂ ಇಂಗೇ ಆಯ್ತು ಅಂದ್ರ ನಂಬ್ತದ. ನಂಬುದ್ರ ಕಾಲೇಜ್ ಬುಡ್ಸಲ್ಲ ಮಿಸ್. ಅಷ್ಟೇ ನಂಗ್ ಬೇಕಿರದು.”

“ನೋಡ್ತೀನಿ” ಅಂದೆ.

“ಊಂ ಮಿಸ್” ಅಂದಳು. ಅಳಲಿಲ್ಲ. ಅಳಬಾರದಿತ್ತೇ ಅಂತ ಈಗ ಅನ್ನಿಸುತ್ತಿದೆ. ಅತ್ತಿದ್ದರೆ ಸಮಾಧಾನವಾದರೂ ಮಾಡುತ್ತಿದ್ದೆ. ಅದು ಬರುತ್ತದೆ ನನಗೆ.

ಫೆಬ್ರವರಿ 7, ಶುಕ್ರವಾರ. 10.25

ಪ್ರಿನ್ಸಿಪಾಲರ ಕೋಣೆಯ ಹೊರಗೆ ಬೆಂಚಿನ ಮೇಲಿದ್ದೇನೆ. ಪತ್ರ ತಂದಿಲ್ಲ. ಕರೆಯುವ ತನಕ ಕೂತಿರಿ ಅಂದಿದ್ದಾರೆ. ಎದ್ದು ಓಡಿಹೋಗದಿರಲಿ ಅಂತ ಬರೆಯುತ್ತಿದ್ದೇನೆ.

ಬಾಗಿಲು ಅರ್ಧ ತೆರೆದಿದೆ. ಸದಾಶಿವಪ್ಪನಿಗೆ ಕುರ್ಚಿ, ಕಾಫಿ. ಸಿಂಧುವಿನ ಅಪ್ಪ ಚೆನ್ನಯ್ಯ ನಿಂತೇ ಇದ್ದಾರೆ, ಟವೆಲ್ ಕೈಯಲ್ಲಿ ಮುದುರಿಕೊಂಡು. ಪಕ್ಕದಲ್ಲಿ ಸಿಂಧು. ಅವಳು ಹೇಳಿದ್ದು ಕೇಳಿಸಿತು, ಒಂದೊಂದೇ ಮಾತು.

ಚೆನ್ನಯ್ಯ ಹೇಳುತ್ತಿದ್ದಾರೆ, “ತಪ್ಪಾಯ್ತು ಸಾ, ಎಣ್ಮಗ, ತಿಳೀದು. ನಾಳಿಂದ ಕಳ್ಸಲ್ಲ ಸಾ.”

ಈಗ ಆತನ ದನಿ, ಬಹಳ ಮೆತ್ತಗೆ. “ಪರವಾಗಿಲ್ಲ ಚೆನ್ನಯ್ಯ, ಪರವಾಗಿಲ್ಲ.”

ನನ್ನ ಮಾತು. ಅವತ್ತು ಬಸ್ಸಿಳಿಯುವಾಗ ನಾನೇ ಅವನಿಗೆ ಅಂದ ಮಾತು.

ಒಂಬತ್ತನೇ ಜನವರಿ. ಎಂಟು ಹತ್ತರ ಬಸ್ಸು. ಕಾಮಗೆರೆ ದಾಟಿದ ಮೇಲೆ ಇದೇ ಮನುಷ್ಯ, ಇದೇ ಫೈಲು, ನನಗೂ. ಇಷ್ಟೇ ಹೇಳಬೇಕಾದದ್ದು. ಬಾಯಿಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ.

ಒಳಗೆ ಸಿಂಧು ಬಾಗಿಲ ಕಡೆ ನೋಡುತ್ತಿಲ್ಲ. ಕಾಯುವುದನ್ನು ಬಿಟ್ಟಿದ್ದಾಳೆ.

ಇನ್ನೂ ನನ್ನನ್ನು ಕರೆದಿಲ್ಲ. ಎದ್ದೆ, ಬಾಗಿಲು ತಳ್ಳುತ್ತಿದ್ದೇನೆ.