ಜಾರದೆ ಓಡಿದವನು

ಫೆಬ್ರವರಿ 9, ಬೆಳಿಗ್ಗೆ

ಮತ್ತೆ ಮೆಸ್‌ಗೆ ಲೇಟ್. ತಣ್ಣಗಿನ ಟೀ. ನಾಳೆ ಬೇಸ್‌ಬಾಲ್ ಸೆಲೆಕ್ಷನ್ ಮ್ಯಾಚಿಗೆ ನಾನು ಅಂಪೈರ್ ಆಗಬೇಕಂತೆ. ಫಸ್ಟ್ ಇಯರ್, ‘ಆಗಲ್ಲ’ ಅನ್ನಲು ಬಾಯಿ ಬರದವನು — ಇದೇ ಕ್ವಾಲಿಫಿಕೇಶನ್. ರೂಲ್ಸ್ ಗೊತ್ತಾ ಎಂದರು. ಗೊತ್ತು ಎಂದೆ. ಹಾಸ್ಟೆಲ್ ಸ್ಕೂಲಿನಲ್ಲಿ ಸೀನಿಯರ್‌ಗಳು ಕಿರುಚಿ ಕಿರುಚಿ ತಲೆಗೆ ತುಂಬಿದ್ದಾರೆ. ತಲೆ ಮುಂದೆ ಮಾಡಿ ಸ್ಲೈಡ್ ಮಾಡಿದರೆ, ಅಂದರೆ ನೆಲದ ಮೇಲೆ ಜಾರಿಕೊಂಡು ಬೇಸ್ ಮುಟ್ಟಿದರೆ, ಔಟ್. ಫಸ್ಟ್ ಬೇಸಿಗೆ ಸ್ಲೈಡ್ ಮಾಡುವ ಹಾಗೇ ಇಲ್ಲ. ಓಟ ಮುಗಿದು ರನ್ ಸಿಗುವ ಹೋಮ್ ಪ್ಲೇಟಿನಲ್ಲಿ ಕ್ಯಾಚರ್ ಬಾಲ್ ಹಿಡಿದು ನಿಂತಿದ್ದರೆ ಸ್ಲೈಡ್ ಮಾಡಲೇಬೇಕು.

ಕೊಕ್ಕರೆಯೂ ಆಡುತ್ತಾನೆ. ನನ್ನ ರೂಮ್‌ಮೇಟ್, ಮುಕ್ಕಾಲು ಪಾಲು ಕಾಲೇ. ಸ್ಪೋರ್ಟ್ಸ್ ಸೀಟು ಅವನದು. ಗೆದ್ದ ಕಡೆಯವರೇ ಕಾಲೇಜು ಟೀಮ್. ಸೋತರೆ ಅವನ ಸೀಟು ಹೋಯಿತು, ರೂಮೂ ಹೋಯಿತು.

“ನೀನ್ ಅಂಪೈರಾ? ಸತ್ತೆ ಬಿಡು ನಾನು” ಎಂದು ನಕ್ಕ.

ಫೆಬ್ರವರಿ 10, ಸಂಜೆ

ಮೆಸ್‌ಗೆ ಹೋಗಲಿಲ್ಲ.

ಕೊನೆಯ ಇನ್ನಿಂಗ್ಸ್. ಕೊಕ್ಕರೆ ಹೋಮ್ ಪ್ಲೇಟಿನತ್ತ ಓಡಿಬಂದ. ಬಾಲ್ ಆಗಲೇ ಕ್ಯಾಚರ್ ಕೈಯಲ್ಲಿ. ಸ್ಲೈಡ್ ಮಾಡಲಿಲ್ಲ — ಮೊನ್ನೆಯಷ್ಟೇ ಮಂಡಿ ತರಚಿಕೊಂಡಿದ್ದ. ಕ್ಯಾಚರನ್ನು ಸುತ್ತಿಕೊಂಡು, ಜಾರದೆ ಓಡಿಯೇ ಪ್ಲೇಟ್ ತುಳಿದ. “ಸ್ಲೈಡ್ ಮಾಡ್ಲಿಲ್ಲ, ಸ್ಲೈಡ್ ಮಾಡ್ಲಿಲ್ಲ” ಎಂದು ಗ್ರೌಂಡಿಡೀ ಕೂಗು. ಔಟ್ ಎಂದೆ. ಆ ರನ್ ಸಿಕ್ಕಿದ್ದರೆ ಸಮ, ಆಟ ಮುಂದುವರಿಯುತ್ತಿತ್ತು. ಅಲ್ಲಿಗೇ ಮುಗಿಯಿತು.

ಕೊಕ್ಕರೆ ಜಗಳವಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 11

ಇನ್ನೊಬ್ಬ ಅಂಪೈರ್, ಫೈನಲ್ ಇಯರ್ ಅಣ್ಣ, ಲೈಬ್ರರಿ ಮೆಟ್ಟಿಲ ಮೇಲೆ ಹಿಡಿದುಕೊಂಡ.

“ಯಾಕೋ ಔಟ್ ಕೊಟ್ಟೆ?”

“ಸ್ಲೈಡ್ ಮಾಡ್ಲಿಲ್ಲ ಅಣ್ಣಾ.”

“ಮಾಡ್ಲೇಬೇಕು ಅಂತ ಯಾವ ಮಹಾನುಭಾವ ಹೇಳಿದ್ದು? ಕ್ಯಾಚರ್‌ಗೆ ಗುದ್ದಬಾರ್ದು, ಅಷ್ಟೇ. ಪಕ್ಕಕ್ಕೆ ಸರಿದು ಹೋದ್ರೆ ಏನೂ ತಪ್ಪಿಲ್ಲ.”

ಉಳಿದೆರಡು ರೂಲ್‌ಗಳನ್ನೂ ಕೇಳಿದೆ. ನಮ್ಮ ಲೀಗಿನಲ್ಲಿ ಅವೂ ಬುರುಡೆಯಂತೆ. ಇಷ್ಟು ವರ್ಷ ಅದನ್ನೇ ನಂಬಿಕೊಂಡು...

“ಸೋತವರ ಕ್ಯಾಪ್ಟನ್ ಕಂಪ್ಲೇಂಟ್ ಕೊಟ್ಟಾಯ್ತು. ಕೋಚ್ ನಿನ್ನ ಕರೀತಾರೆ. ಪ್ಲೇಟ್ ತುಳಿಯೋಕ್ ಮುಂಚೆ ಕ್ಯಾಚರ್ ಬಾಲಿದ್ದ ಗ್ಲೌಸ್ ಮೈಗೆ ಮುಟ್ಟಿಸಿದ, ಟ್ಯಾಗ್ ಆಗಿ ಔಟ್ ಆಯ್ತು, ನಾನೇ ಕಂಡೆ ಅಂದ್ಬಿಡು. ಅಂಪೈರ್ ಕಣ್ಣಿಗೆ ಕಂಡಿದ್ದನ್ನ ಯಾರೂ ಅಲ್ಲಾಡ್ಸೋಕಾಗಲ್ಲ. ರೂಲೇ ತಪ್ಪಾಯ್ತು ಅಂದ್ಯೋ, ಅಲ್ಲಿಂದಲೇ ಮತ್ತೆ ಆಡಿಸ್ತಾರೆ. ಗೆದ್ದವರೆಲ್ಲ ನಿಮ್ಮ ಫ್ಲೋರಿನವರೇ. ಆಮೇಲೆ ನೀನುಂಟು, ಅವರುಂಟು.”

ಮುಟ್ಟಿಸಿದನಾ? ಕಣ್ಣು ಮುಚ್ಚಿದರೆ ಕಾಣುವುದು ಎರಡು ಶೂ. ಜಾರುತ್ತಾನಾ ಇಲ್ಲವಾ ಎಂದು ಕಾಲನ್ನೇ ನೋಡುತ್ತಿದ್ದೆ. ಗ್ಲೌಸ್ ಎಲ್ಲಿತ್ತೋ ದೇವರೇ ಬಲ್ಲ.

ಫೆಬ್ರವರಿ 14

ಬಾತ್‌ರೂಮ್ ಕ್ಯೂನಲ್ಲಿ ಗೆದ್ದವರು: “ಅಂಪೈರ್ ಸಾಹೇಬ್ರಿಗೆ ಜಾಗ ಬಿಡ್ರಪ್ಪಾ.” ಬಿಸಿನೀರಿನ ಬಕೆಟ್ ಅವರೇ ತುಂಬಿಸಿ ಕೊಟ್ಟರು. ತೆಗೆದುಕೊಂಡೆ. ಛೆ.

ಅಮ್ಮನ ಫೋನ್. “ದನಿ ಯಾಕೋ ಹಾಗಿದೆ?” “ಕೋಲ್ಡ್ ಅಮ್ಮ. ಐ ಆಮ್ ಫೈನ್.” ಬಿಸಿನೀರು ಕುಡಿಯಬೇಕಂತೆ.

ಕೊಕ್ಕರೆ ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದ.

“ನಂಗೇ ಗೊತ್ತಾಗ್ಲಿಲ್ಲ ಕಣೋ. ಬೆನ್ನಿಗೆ ಏನೋ ತಗುಲಿದ ಹಾಗಿತ್ತು. ಗ್ಲೌಸೋ, ನನ್ನ ಶರ್ಟೇ ಹಾರಿದ್ದೋ. ನೀನ್ ಹತ್ರ ಇದ್ಯಲ್ಲ. ನೀನ್ ಟ್ಯಾಗ್ ಅಂದ್ರೆ ಟ್ಯಾಗ್. ನಾನು ಹೊರಡ್ತೀನಿ, ಏನೂ ಅನ್ಕೊಳಲ್ಲ.”

ಬಟ್ಟೆ ಒಣಹಾಕಬೇಕು ಎಂದು ಎದ್ದುಬಂದೆ. ಒಣಹಾಕಲು ಏನೂ ಇರಲಿಲ್ಲ. ಟೆರೇಸಿನಲ್ಲಿ ಖಾಲಿ ಹಗ್ಗದ ಕೆಳಗೆ ನಿಂತಿದ್ದೆ.

ಫೆಬ್ರವರಿ 15, ಮಧ್ಯಾಹ್ನ, ಕೋಚ್ ರೂಮಿನ ಹೊರಗೆ

ಬೆಂಚಿನ ಮೇಲೆ ನಾನು, ಕೊಕ್ಕರೆ. ಗೆದ್ದವರ ಕ್ಯಾಪ್ಟನ್ ಒಳಗಿಂದ ಬಂದವನು ನನ್ನ ಭುಜ ತಟ್ಟಿದ. “ಟ್ಯಾಗ್ ಅಂತ ಹೇಳಿದೀನಿ. ನೀನೂ ಹಂಗೇ ಹೇಳು ಮರಿ.” ಹೋಗಲಿಲ್ಲ, ಕಾರಿಡಾರಿನ ತುದಿಯಲ್ಲೇ ನಿಂತಿದ್ದಾನೆ.

ಕೊಕ್ಕರೆಗೆ ಹೇಳಿಬಿಟ್ಟೆ. “ನಾನು ಗ್ಲೌಸ್ ನೋಡ್ಲೇ ಇಲ್ಲ. ನಿನ್ನ ಕಾಲು ನೋಡ್ತಿದ್ದೆ.”

ಬಗ್ಗಿ ಶೂ ಲೇಸ್ ಬಿಚ್ಚಿದ, ಮತ್ತೆ ಕಟ್ಟಿದ.

“ನಿನ್ನೆ ರಾತ್ರಿ ನಾನು ಪುಸ್ತಕ ಎಲ್ಲಾ ರಟ್ಟಿನ ಡಬ್ಬಕ್ಕೆ ತುಂಬ್ತಿದ್ದೆ. ಡಬ್ಬ ಕಟ್ಟೋಕೆ ನೀನೇ ಹಗ್ಗ ಹಿಡ್ಕೊಂಡೆ, ಆಗ್ಲೂ ಇದನ್ನ ಹೇಳ್ಲಿಲ್ವಲ್ಲೋ.”

“ಹೂಂ.”

“ಒಳಗೂ ಇದನ್ನೇ ಹೇಳ್ತೀಯಾ?”

ಕಾರಿಡಾರಿನ ತುದಿಯಲ್ಲಿದ್ದ ಕ್ಯಾಪ್ಟನ್ ಕಡೆ ನೋಡಿದೆ. ಅವನು ಬೆಂಚಿನ ಆ ತುದಿಗೆ ಸರಿದು ಕೂತ. ಅವನ ಮುಖ ನೋಡಲಾಗದೆ ಇದನ್ನು ಬರೆಯುತ್ತಿದ್ದೇನೆ.

ಕರೆದರು. ಹೇಳಬೇಕಾದದ್ದು ಇಷ್ಟೇ — ನೋಡಲಿಲ್ಲ ಸರ್. ಬೇರೇನೂ ಸೇರಿಸಬಾರದು. ನೋಡಲಿಲ್ಲ ಸರ್.

ಮತ್ತೆ ಕರೆದರು. ಕ್ಯಾಪ್ಟನ್ ಈ ಕಡೆಗೇ ಬರುತ್ತಿದ್ದಾನೆ. ನೋಡಲಿಲ್ಲ ಸರ್. ನೋಡ —